ನನ್ನ ಸೊಸೆ ಕ್ರಿಕೆಟ್ ಆಡುವುದಿಲ್ಲ

ಮಾನ್ಯ ಡಾಕ್ಟರ್ ಸದಾನಂದ ಅವರೇ,

ನಮ್ಮ ಕನ್ನಡ ಕೂಟದ ಗೌರವಾಧ್ಯಕ್ಷರೂ, ಲಾಸ್ ಏಂಜಲೀಸಿನ ಕನ್ನಡಿಗರ ರಕ್ತದೊತ್ತಡವನ್ನು ಇಪ್ಪತ್ತು ವರ್ಷಗಳಿಂದ ಏರಗೊಡದೆ ಇಳಿಯಗೊಡದೆ ಕಾಪಾಡಿಕೊಂಡು ಬಂದವರೂ, ವೇದಿಕೆಯ ಮೇಲೆ ಯಾವ ಶಾಲು ಹೊದಿಸಿದರೂ ಬೇಡವೆನ್ನದ ಸರಳ ಸ್ವಭಾವದವರೂ ಆದ ತಮಗೆ, ಸ್ಯಾನ್ ಡಿಯಾಗೊದ ರ್ಯಾಂಚೊ ಪೆನಾಸ್ಕಿಟೋಸಿನಿಂದ ಅಣ್ಣಾಸಾಹೇಬನೆಂಬ ನಿವೃತ್ತ ಹೆಡ್‌ಮಾಸ್ತರನ ಶಿರಸಾಷ್ಟಾಂಗ ನಮಸ್ಕಾರಗಳು. ಸೊಸೆಯೊಬ್ಬಳನ್ನು ಬಿಟ್ಟರೆ ಇತ್ತ ನಾವೆಲ್ಲ ಕ್ಷೇಮ. ತಾವು ಕ್ಷೇಮವಾಗಿದ್ದೀರೆಂದು ಕಳೆದ ತಿಂಗಳ ಕರೆಯೋಲೆಯಲ್ಲಿದ್ದ ತಮ್ಮ ಮೂರು ಭಾವಚಿತ್ರಗಳಿಂದ ತಿಳಿದು ಸಂತೋಷವಾಯಿತು.

ನಾನು ಯಾರೆಂಬುದು ತಮಗೆ ನೆನಪಿರಲಿಕ್ಕಿಲ್ಲ. ಬೆಳಗಾವಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ, ಈ ಜೂನ್ ತಿಂಗಳಲ್ಲಿ ಹೆಂಡತಿ ಶಿವಕ್ಕನೊಡನೆ ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವವನು ನಾನು. ಮಗ ಚನ್ನವೀರ ಸೊರೆಂಟೊ ವ್ಯಾಲಿಯಲ್ಲಿ ಎಂಜಿನಿಯರು. ಸೊಸೆ ವೈಷ್ಣವಿಯನ್ನು ಮಾತ್ರ ತಾವು ಬಲ್ಲಿರಿ, ಅಥವಾ ಬಲ್ಲಿರೆಂದು ನಾವು ತಿಳಿದಿದ್ದೆವು, ಏಕೆಂದರೆ ಅವಳು ಹನ್ನೊಂದು ತಿಂಗಳು, ವಾರಕ್ಕೆ ಮೂರು ದಿನ, ಬೆಳಗಿನ ಕೋಸ್ಟರ್ ರೈಲು ಹಿಡಿದು, ಓಶನ್‌ಸೈಡಿನಲ್ಲಿ ಗಾಡಿ ಬದಲಿಸಿ, ನಾರ್ವಾಕ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ತಮ್ಮ ಕ್ಲಿನಿಕ್ಕಿಗೆ ಬಂದು, ಅಬ್ಸರ್ವರ್ ಎಂಬ ಹೆಸರಿನಲ್ಲಿ ಸಂಬಳವಿಲ್ಲದೆ ದುಡಿದವಳು. ರೋಗಿಗಳನ್ನು ಮುಟ್ಟಕೂಡದು, ನೋಡಿ ಕಲಿಯಬೇಕು ಎಂಬುದು ಆ ಹುದ್ದೆಯ ನಿಯಮವಂತೆ. ಅದರಂತೆ ಅವಳು ತಮ್ಮ ಫೈಲುಗಳನ್ನೂ, ಫ್ಯಾಕ್ಸ್ ಯಂತ್ರವನ್ನೂ, ಕೂಟದ ಕರೆಯೋಲೆಗಳಿಗೆ ಹಚ್ಚುವ ನಾನೂರು ಅಂಚೆಚೀಟಿಗಳನ್ನೂ ಬಹಳ ಹತ್ತಿರದಿಂದ ನೋಡಿ ಕಲಿತಳು.

ಇದೆಲ್ಲ ಒಂದು ಕಾಗದಕ್ಕಾಗಿ ಎಂದು ತಮಗೆ ಗೊತ್ತು, ಆದರೂ ಬೇರೆಯವರಿಗೆ ತಿಳಿಯಲೆಂದು ಬರೆಯುತ್ತೇನೆ. ನಮ್ಮ ಕಡೆ ಎಂ.ಬಿ.ಬಿ.ಎಸ್. ಓದಿದವರು ಈ ದೇಶದಲ್ಲಿ ಡಾಕ್ಟರಾಗಬೇಕಾದರೆ ಇಲ್ಲಿಯ ಪರೀಕ್ಷೆ ಪಾಸಾಗಿ, ಯಾವುದಾದರೂ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ಮೂರು ವರ್ಷದ ತರಬೇತಿಗೆ ಸೇರಬೇಕು. ಪರೀಕ್ಷೆಗಳನ್ನು ಅವಳು ಒಂದೇ ಏಟಿಗೆ ಮುಗಿಸಿದಳು. ಆದರೆ ಅರ್ಜಿಯೊಡನೆ ಇಲ್ಲಿಯ ಡಾಕ್ಟರೊಬ್ಬರ ಶಿಫಾರಸು ಪತ್ರವಿಲ್ಲದಿದ್ದರೆ ಆಸ್ಪತ್ರೆಯವರು ತಿರುಗಿಯೂ ನೋಡುವುದಿಲ್ಲ. ಓದು ಮುಗಿದು ಐದು ವರ್ಷ ದಾಟಿದವರನ್ನೂ ಬಹಳಷ್ಟು ಕಡೆ ನೋಡುವುದಿಲ್ಲವಂತೆ, ಮತ್ತು ಮುಂದಿನ ವರ್ಷಕ್ಕೆ ಅವಳದು ಐದು ದಾಟುತ್ತದೆ. ಆದ್ದರಿಂದ ಈ ವರ್ಷ, ೨೦೦೬, ಅವಳ ಪಾಲಿಗೆ ಉಳಿದಿರುವ ಒಂದೇ ವರ್ಷ.

ಅಂಥ ಪತ್ರವನ್ನು ತಾವು ಏಪ್ರಿಲ್‌ನಲ್ಲಿ ಮುಂದಿನ ವಾರ ಕೊಡುತ್ತೇನೆಂದಿರಿ, ಮತ್ತು ಕೊಟ್ಟ ಮಾತಿಗೆ ತಪ್ಪದೆ ಪ್ರತಿವಾರವೂ ಅದನ್ನೇ ಹೇಳಿದಿರಿ. ಆಗಸ್ಟಿನ ಕೊನೆಗೆ ಅದು ಬಂತು. ಅಂಟಿಸಿದ ಲಕೋಟೆ, ಮುಚ್ಚಿದ ಅಂಚಿನ ಮೇಲೆ ತಮ್ಮ ಸಹಿ, ಸಹಿಯ ಮೇಲೆ ಟೇಪು. ಅದರೊಳಗೆ ಏನಿದೆಯೆಂದು ನೋಡುವ ಹಕ್ಕು ತನಗೆ ಬೇಡ ಎಂದು ವೈಷ್ಣವಿ ಮೊದಲೇ ಬರೆದುಕೊಟ್ಟಿದ್ದಳು, ಹಾಗೆ ಬರೆದುಕೊಟ್ಟರೇ ಆಸ್ಪತ್ರೆಯವರು ಪತ್ರವನ್ನು ನಂಬುತ್ತಾರಂತೆ. ಲಕೋಟೆಯನ್ನು ಹಾಗೆಯೇ ಫಿಲಡೆಲ್ಫಿಯಾದ ಆಫೀಸಿಗೆ ಕಳಿಸಬೇಕು, ಅವರು ಅದನ್ನು ಸ್ಕ್ಯಾನ್ ಮಾಡಿ ಎಲ್ಲ ಆಸ್ಪತ್ರೆಗಳಿಗೆ ತೋರಿಸುತ್ತಾರೆ. ಮರುದಿನ ಪೋಸ್ಟ್ ಮಾಡೋಣವೆಂದು ಅವಳು ಲಕೋಟೆಯನ್ನು ಊಟದ ಮೇಜಿನ ಮೇಲಿಟ್ಟು ತರಕಾರಿ ತರಲು ಹೋದಳು.

ಇಲ್ಲಿ ನಾನು ತಲೆ ತಗ್ಗಿಸಿ ನಿಲ್ಲಬೇಕಾದ ಸಂಗತಿಯೊಂದಿದೆ. ಶಿವಕ್ಕನು ಲಕೋಟೆಯನ್ನು ದೇವರ ಮುಂದಿಟ್ಟು, ಶುಭದ ಕಾಗದವೆಂದು ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ನಡುವೆ ಒಂದಿಷ್ಟು ವಿಭೂತಿಯನ್ನೂ ಒತ್ತಿದಳು. ಅರಿಶಿನ ತುಸು ನೀರಾಗಿತ್ತು. ಒಳಗಿನ ಕಾಗದಕ್ಕೂ ಇಳಿಯಿತೇನೋ ಎಂದು ಇಬ್ಬರಿಗೂ ಗಾಬರಿಯಾಗಿ, ನಾನು ಚಾಕು ತಂದು ಲಕೋಟೆ ಬಿಚ್ಚಿದೆ. ಕಾಗದಕ್ಕೆ ಏನೂ ಆಗಿರಲಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಹೆಡ್‌ಮಾಸ್ತರನ ಕೈಗೆ ಒಂದು ಮೂಲ ದಾಖಲೆ ಸಿಕ್ಕಾಗ ಅವನು ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ. ಹತ್ತಿರದ ಝೆರಾಕ್ಸ್ ಅಂಗಡಿಗೆ ನಡೆದು ಹೋಗಿ ಐದು ಪ್ರತಿ ತೆಗೆಸಿ, ನಿವೃತ್ತಿಯ ದಿನ ಕೊಟ್ಟುಬರಲು ಮರೆತಿದ್ದ ರಬ್ಬರ್ ಸ್ಟಾಂಪಿನಿಂದ ಐದಕ್ಕೂ ಅಟೆಸ್ಟೆಡ್ ಎಂದು ಒತ್ತಿ, ಮೂಲ ಪ್ರತಿ ಹರಿಯದಿರಲೆಂದು ಅದನ್ನು ಲ್ಯಾಮಿನೇಟ್ ಮಾಡಿಸಿದೆ. ವೈಷ್ಣವಿ ಬಂದು ನೋಡಿದಾಗ ಅದು ಮೇಜಿನ ಮೇಲೆ ಹೊಳೆಯುತ್ತಿತ್ತು. ಅವಳು ಬಯ್ಯಲಿಲ್ಲ. ಅದರ ಒಂದು ಸಾಲನ್ನೂ ಓದದೆ ಮುಖ ತಿರುಗಿಸಿ, ತರಕಾರಿ ಚೀಲ ಕೆಳಗಿಟ್ಟು, ಅಲ್ಲೇ ಕೂತು ಅತ್ತಳು.

ಆ ಹಕ್ಕನ್ನು ಬಿಟ್ಟುಕೊಟ್ಟವಳು ಅವಳು. ನಾನು ಅಂಥ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲವಾದ್ದರಿಂದ ಆ ಪತ್ರವನ್ನು ನಿರಾತಂಕವಾಗಿ ಓದಿದೆ, ಮತ್ತು ತಮ್ಮ ಔದಾರ್ಯಕ್ಕೆ ಬೆರಗಾದೆ. ವೈಷ್ಣವಿ ಕಾಲೇಜಿನ ಕ್ರಿಕೆಟ್ ತಂಡದ ನಾಯಕಿಯಾಗಿದ್ದಳೆಂದೂ, ಸೋಲುವ ಪಂದ್ಯಗಳನ್ನು ಗೆಲ್ಲಿಸಿದ ಆ ಧೈರ್ಯವೇ ಅವಳನ್ನು ಉತ್ತಮ ವೈದ್ಯೆಯಾಗಿ ರೂಪಿಸಿದೆಯೆಂದೂ ಅದರಲ್ಲಿತ್ತು. ಅವಳು ಮಂಗಳೂರಿನಲ್ಲಿ ಬೆಳೆದವಳೆಂದು ನಮಗೆ ಗೊತ್ತಾದದ್ದೂ ಆಗಲೇ, ಅವಳ ತವರು ಬೈಲಹೊಂಗಲವೆಂದು ತಿಳಿದು ನಾವು ಐದು ವರ್ಷ ದೀಪಾವಳಿಗೆ ಅಲ್ಲಿಗೆ ಹೋಗಿಬರುತ್ತಿದ್ದೆವು. ಕೊನೆಯ ಸಾಲಿನಲ್ಲಿ ತಾವು ಡಾಕ್ಟರ್ ರೋಷನ್ ಅವರನ್ನು ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡಿದ್ದಿರಿ. ಯಾವ ಸಂಕೋಚವೂ ಇಲ್ಲದೆ ಎಂಬ ಮಾತು ಅಕ್ಷರಶಃ ನಿಜವೆಂದು ನನಗೂ ಅನಿಸಿತು.

ಎರಡು ವರ್ಷದ ಹಿಂದೆ ತಮ್ಮಲ್ಲಿ ಅಬ್ಸರ್ವರ್ ಆಗಿದ್ದನೆಂದು ವೈಷ್ಣವಿ ಹಿಂದೊಮ್ಮೆ ಹೇಳಿದ್ದ ರೋಷನ್ ಎಂಬ ಹುಡುಗನ ಪತ್ರ ಇದೆಂದೂ, ಮೇಲಿನ ಹೆಸರನ್ನೂ ನಡುವಿನ ಅವನು ಎಂಬುದನ್ನೂ ಅಷ್ಟೇ ಬದಲಿಸಲಾಗಿದೆಯೆಂದೂ ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನೂ ಇಂಥ ಕೆಲಸದಲ್ಲೇ ಕೂದಲು ನರೆಸಿಕೊಂಡವನು. ಸಾವಿರಾರು ಮಕ್ಕಳಿಗೆ ನಡತೆ ಪ್ರಮಾಣಪತ್ರ ಕೊಟ್ಟಿದ್ದೇನೆ, ಎಲ್ಲರಿಗೂ ಅದೇ ಒಂದು ಸಾಲು, ನನಗೆ ತಿಳಿದ ಮಟ್ಟಿಗೆ ಈ ವಿದ್ಯಾರ್ಥಿಯ ನಡತೆ ಒಳ್ಳೆಯದು ಎಂದು. ಅವರಲ್ಲಿ ಕೆಲವರು ನನ್ನ ಸೈಕಲ್ಲಿನ ಗಾಳಿ ಬಿಟ್ಟವರೇ. ಆದರೆ ಹೆಸರನ್ನು ಮಾತ್ರ ಹುಡುಗನ ಮುಖ ನೋಡಿ ನನ್ನ ಕೈಯಾರೆ ಬರೆಯುತ್ತಿದ್ದೆ.

ಬಿಚ್ಚಿದ ಪತ್ರವನ್ನು ಕಳಿಸುವಂತಿಲ್ಲ, ಬಿಚ್ಚಿದ್ದೇವೆಂದು ಹೇಳಿದರೆ ಅವಳ ಮಾತಿಗೇ ಬೆಲೆಯಿಲ್ಲದಂತಾಗುತ್ತದೆ. ನಾನು ತಮಗೆ ಫೋನು ಮಾಡಿ, ಪತ್ರ ನನ್ನ ಧೋತರದ ಜೊತೆ ಬಟ್ಟೆ ಒಗೆಯುವ ಮಷಿನ್ನಿಗೆ ಹೋಯಿತೆಂದು ಸುಳ್ಳು ಹೇಳಿದೆ. ತಾವು ಹೊಸದಾಗಿ ಬರೆಯುತ್ತೀರಿ, ಬರೆಯುವಾಗಲಾದರೂ ಓದುತ್ತೀರಿ ಎಂಬ ಆಸೆ. ತಾವೋ ಒಂದು ಕ್ಷಣವೂ ಬೇಸರಿಸದೆ, ಅದಕ್ಕೇನಂತೆ ಮಾಸ್ತರೇ, ಕಂಪ್ಯೂಟರಿನಲ್ಲಿ ಹಾಗೇ ಇದೆ, ಇನ್ನೊಂದು ಪ್ರಿಂಟ್ ತೆಗೆದು ನಾನೇ ಫಿಲಡೆಲ್ಫಿಯಾಕ್ಕೆ ಕಳಿಸುತ್ತೇನೆ ಎಂದಿರಿ. ಹೇಳಿದ ದಿನವೇ ಕಳಿಸಿದಿರಿ ಕೂಡ. ಐದು ತಿಂಗಳಲ್ಲಿ ತಾವು ತೋರಿದ ಒಂದೇ ಚುರುಕುತನ ಅದು. ವೈಷ್ಣವಿ ಮಾತ್ರ ಸಮಾಧಾನದಿಂದ ನಿಟ್ಟುಸಿರು ಬಿಟ್ಟು, ಸರ್ ಚಲೋನ ಬರದಿರತಾರ ಬಿಡ್ರಿ ಮಾಮಾರ ಎಂದು ನನಗೇ ಧೈರ್ಯ ಹೇಳಿದಳು. ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಹೇಡಿಯ ಹಾಗೆ ಸುಮ್ಮನೆ ಕೂತೆ, ಮತ್ತು ಈ ದೂರಿನಲ್ಲಿ ಆ ಒಂದು ಪಾಲು ನನ್ನದೇ.

ಅಕ್ಟೋಬರ್ ಎರಡನೇ ವಾರ ಇಲ್ಲಿಯದೇ ಒಂದು ಆಸ್ಪತ್ರೆಯಿಂದ ಅವಳಿಗೆ ಸಂದರ್ಶನಕ್ಕೆ ಕರೆ ಬಂತು. ಶಿವಕ್ಕ ಸಜ್ಜಕದ ಹೋಳಿಗೆ ಮಾಡಿದಳು. ಸಂದರ್ಶನ ಮಾಡಿದ ಡಾಕ್ಟರಮ್ಮ ತಮ್ಮ ಪತ್ರವನ್ನು ಮುಂದಿಟ್ಟುಕೊಂಡು, ತಂಡದ ನಾಯಕಿಯಾಗಿ ನೀವು ಕಲಿತ ದೊಡ್ಡ ಪಾಠ ಯಾವುದು ಎಂದು ಕೇಳಿದರಂತೆ. ಇವಳು ಯಾವ ತಂಡ ಎಂದಳಂತೆ. ಅವರು ಪತ್ರವನ್ನು ಇನ್ನೊಮ್ಮೆ ನೋಡಿ, ರೋಷನ್ ಎಂದರೆ ಯಾರು ಎಂದರಂತೆ. ಹತ್ತು ನಿಮಿಷಕ್ಕೆ ಕೈಕುಲುಕಿ ಕಳಿಸಿದರು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ನಿಂತು, ನೀವು ಆ ಪತ್ರಾ ಓದಿದ್ರಿ ಅಲ್ಲ ಮಾಮಾರ, ಅದರಾಗ ಕ್ರಿಕೆಟ್ ಅಂತ ಇತ್ತೇನು ಎಂದು ಕೇಳಿದಳು. ಮೂವತ್ತೊಂದು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವನು ಎದ್ದು ಹೋಗಿ, ಅಟೆಸ್ಟೆಡ್ ಪ್ರತಿಯೊಂದನ್ನು ತಂದು ಅವಳ ಕೈಗಿಟ್ಟೆ.

ಬರೆಯಲು ಬೇರೇನೂ ಇರಲಿಲ್ಲವೆಂದು ತಾವು ಹೇಳಬಹುದು, ರೋಗಿಗಳನ್ನು ಮುಟ್ಟದವಳ ಬಗ್ಗೆ ಏನು ಬರೆಯುವುದು. ಆದ್ದರಿಂದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನವನ್ನು ನೆನಪಿಸುತ್ತೇನೆ. ತಮ್ಮ ಹೊರಕೋಣೆಯಲ್ಲಿ ಒಬ್ಬ ಮೆಕ್ಸಿಕನ್ ಅಜ್ಜಿ ಸರದಿಗೆ ಕಾದಿದ್ದಳು. ಅಂಚೆಚೀಟಿ ಹಚ್ಚುತ್ತಿದ್ದ ವೈಷ್ಣವಿ ತಲೆ ಎತ್ತಿದಾಗ ಅಜ್ಜಿಯ ಕೈಯಿಂದ ಕಾಗದದ ಲೋಟ ಜಾರಿತು, ಬಾಯಿ ಒಂದು ಕಡೆಗೆ ವಾಲಿತು. ಇವಳು ಎದ್ದು ಹೋಗಿ, ಭಾಷೆ ಬರದಿದ್ದರೂ ತನ್ನ ಎರಡು ಕೈ ಎತ್ತಿ ತೋರಿಸಿ ಹೀಗೆ ಮಾಡಿ ಎಂದಳು, ಅಜ್ಜಿಯ ಒಂದೇ ಕೈ ಮೇಲೆ ಬಂತು. ಆಂಬುಲೆನ್ಸ್ ಕರೆಸಿ, ಗಡಿಯಾರ ನೋಡಿ, ಲಕ್ವ ಹೊಡೆದ ಹೊತ್ತನ್ನು ಅಂಚೆಚೀಟಿಯ ಹಾಳೆಯ ಅಂಚಿನಲ್ಲಿ ಬರೆದು ಆಂಬುಲೆನ್ಸಿನವರ ಕೈಗೆ ಕೊಟ್ಟವಳು ಅವಳು. ಆ ಹೊತ್ತು ಗೊತ್ತಿದ್ದುದರಿಂದಲೇ, ಮೂರು ಗಂಟೆಯೊಳಗೆ ಕೊಡಬೇಕಾದ ಔಷಧ ಕೊಡಲಾಯಿತೆಂದು ಆಸ್ಪತ್ರೆಯವರು ತಮಗೆ ಫೋನು ಮಾಡಿ ಅಭಿನಂದಿಸಿದರು. ಮೇ ತಿಂಗಳಲ್ಲಿ ಅಜ್ಜಿ ತನ್ನ ಕಾಲ ಮೇಲೆ ನಡೆದು ಬಂದು ಡಾಕ್ಟರಿಗೆಂದು ಒಂದು ಡಬ್ಬಿ ತಿಂಡಿ ತಂದಳು, ಅದನ್ನು ತಮ್ಮ ಕೋಣೆಗೆ ಒಯ್ದಿಟ್ಟವಳೂ ವೈಷ್ಣವಿಯೇ. ಇದನ್ನು ಅವಳು ಹೇಳಿದ್ದು ಶಿವಕ್ಕನ ಜೊತೆ ರೊಟ್ಟಿ ಬಡಿಯುತ್ತ, ದೊಡ್ಡಸ್ತಿಕೆಗಲ್ಲ, ಅಜ್ಜಿಯ ಕೈ ಈಗ ಎಷ್ಟು ಮೇಲೆ ಬರುತ್ತದೆಂದು ಹಿಟ್ಟಿನ ಕೈಯಲ್ಲೇ ಎತ್ತಿ ತೋರಿಸಿದಳು. ತಮ್ಮ ಪತ್ರದಲ್ಲಿ ಆ ಅಜ್ಜಿಗೆ ಅರ್ಧ ಸಾಲಿನಷ್ಟೂ ಜಾಗವಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹ. ಅದೇ ಪತ್ರ ಇನ್ನೂ ಇಪ್ಪತ್ತೆಂಟು ಆಸ್ಪತ್ರೆಗಳಲ್ಲಿ ಕೂತಿದೆ. ನವೆಂಬರ್ ಒಂದರ ರಾಜ್ಯೋತ್ಸವದೊಳಗೆ ಹೊಸ ಪತ್ರವೊಂದು ಫಿಲಡೆಲ್ಫಿಯಾ ಸೇರಿದರೆ ಅದನ್ನು ಬದಲಿಸಲು ಇನ್ನೂ ಕಾಲವಿದೆ. ಹೊಗಳುವುದು ಬೇಡ, ಕಂಡದ್ದನ್ನು ಬರೆದರೆ ಸಾಕು. ಅಷ್ಟು ಬಿಡುವು ತಮಗಿಲ್ಲವಾದರೆ, ದಯಮಾಡಿ ಭಾನುವಾರಗಳಂದು ನಮ್ಮ ಮನೆಗೆ ಬಂದು ಅವಳಿಗೆ ಕ್ರಿಕೆಟ್ ಕಲಿಸಿ, ಗ್ಯಾರೇಜಿನ ಬಾಗಿಲನ್ನು ಸ್ಟಂಪ್ ಎಂದು ತಿಳಿಯಲು ಚನ್ನವೀರ ಒಪ್ಪಿದ್ದಾನೆ. ಅದೂ ಕಷ್ಟವೆಂದರೆ ಅವಳ ಹೆಸರನ್ನು ರೋಷನ್ ಎಂದು ಬದಲಿಸಲು ಕೋರ್ಟಿನಲ್ಲಿ ಸಾಕ್ಷಿ ಹೇಳಿ, ಅವಳ ತವರನ್ನು ಬೈಲಹೊಂಗಲದಿಂದ ಎತ್ತಿ ಸಮುದ್ರದ ದಂಡೆಯಲ್ಲಿಡಲು ಸರ್ಕಾರಕ್ಕೊಂದು ಮಾತು ಬರೆಯಿರಿ, ತಮ್ಮ ಪತ್ರಗಳ ಪ್ರಭಾವ ನನಗೆ ಗೊತ್ತು. ಹಾಗೆಯೇ ಆ ರೋಷನ್ ಎಲ್ಲಿದ್ದಾನೆಂದು ವಿಚಾರಿಸಿ ನೋಡಿ, ಪಾಪ, ಅವನ ಪತ್ರವನ್ನೂ ತಾವು ಅದಕ್ಕೂ ಹಿಂದಿನ ಯಾರದೋ ಪತ್ರದಿಂದ ತೆಗೆದಿದ್ದರೆ, ಅವನು ಯಾವ ಆಸ್ಪತ್ರೆಯಲ್ಲಿ ಯಾರ ವೀಣೆ ನುಡಿಸಲು ಹೆಣಗುತ್ತಿದ್ದಾನೋ.

ಹೆಚ್ಚು ಬರೆದು ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡಲಾರೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು, ನನ್ನ ತಪ್ಪನ್ನು ನಾನು ಹಾಕಿಕೊಂಡಿದ್ದೇನೆ.

ಇಷ್ಟಾದರೂ ವಿಶ್ವಾಸ ಬಿಡದ,
ತಮ್ಮ ವಿಶ್ವಾಸಿ,
ಅಣ್ಣಾಸಾಹೇಬ
ನಿವೃತ್ತ ಹೆಡ್‌ಮಾಸ್ತರ

ತಾ.ಕ.: ಈ ಪತ್ರ ಕೂಟದ ದೀಪಾವಳಿ ಸಂಚಿಕೆಯಲ್ಲಿ ಹೇಗೆ ಅಚ್ಚಾಯಿತೆಂದು ತಾವು ಯಾರ ಮೇಲೂ ಸಿಟ್ಟಾಗಬಾರದು. ಸಂಚಿಕೆಯ ಕರಡು ತಿದ್ದುವ ಕೆಲಸವನ್ನು ಕೂಟದವರು ನಿವೃತ್ತ ಕನ್ನಡ ಮಾಸ್ತರನೆಂದು ನನಗೆ ವಹಿಸಿದ್ದರು, ನಾನು ಈ ಪುಟವನ್ನೂ ಸೇರಿಸಿ, ಎಲ್ಲರಿಗೂ ಮೊದಲು ತಮ್ಮ ಒಪ್ಪಿಗೆಗೇ ಕಳಿಸಿದೆ. ಅದು ಅದೇ ಸಂಜೆ ತಿರುಗಿ ಬಂತು. ಪ್ರತಿ ಪುಟದ ಕೆಳಗೂ ತಮ್ಮ ಸಹಿಯಿದೆ, ಈ ಪುಟದ ಸಹಿಯ ಪಕ್ಕದಲ್ಲಿ ಸ್ವಹಸ್ತದಿಂದ ಅತ್ಯುತ್ತಮ ಎಂದೂ ಬರೆದಿದ್ದೀರಿ. ಆ ಒಂದು ಶಬ್ದವನ್ನು ಅವಳ ಮುಖ ನೋಡಿ ಅವಳಿಗೆ ಬರೆದುಕೊಟ್ಟಿದ್ದರೆ ಸಾಕಾಗುತ್ತಿತ್ತು.