ನನ್ನ ಕಾರಿನ ನಾಲ್ಕು ಗಟ್ಟಿ ಟೈರುಗಳಿಗೆ ಒಂದು ಬಿನ್ನಹ

ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ ಮತ್ತು ಹಿಂದಿನ ಬಲ ಸ್ಥಾನಗಳನ್ನು ಅಲಂಕರಿಸಿರುವ ಮಾನ್ಯರೇ,

ತಾವು ನಾಲ್ವರೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ವಿಧಿಯಿಲ್ಲ, ಏಕೆಂದರೆ ತಮ್ಮ ಕ್ಷೇಮ ಸಮಾಚಾರವು ಕಾರಿನೊಳಗೆ ಕುಳಿತ ನನಗೆ ಪ್ರತಿ ಗಜಕ್ಕೂ ತಲುಪುತ್ತಲೇ ಇದೆ. ಏಳು ವಾರಗಳಿಂದ ತಮ್ಮ ಸೇವೆ ಪಡೆಯುತ್ತಿರುವ ಈ ಚಪ್ಪಲಿ ವ್ಯಾಪಾರಿಯು ಒಂದೆರಡು ಸಂಗತಿಗಳನ್ನು ತಮ್ಮ ಅಮೂಲ್ಯ ಗಮನಕ್ಕೆ ತರಬಯಸುತ್ತಾನೆ.

ತಮ್ಮನ್ನು ಆರಿಸಿದವನು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾರಿನ ಜೊತೆಗೇ ಬಂದಿದ್ದ ಟೈರುಗಳು ಸವೆದಾಗ, ಟೈರ್ ಅಂಗಡಿಯ ಯಜಮಾನರು ಎರಡು ಬಗೆಯವನ್ನು ನನ್ನ ಮುಂದಿಟ್ಟು, "ಸರ್, ಕರೆಂಟಿನ ಗಾಡಿಲಿ ಇಂಜಿನ್ ಸದ್ದು ಇರಲ್ಲ, ಅದಕ್ಕೇ ಟೈರಿನ ಸದ್ದೆಲ್ಲ ಒಳಗೆ ಕೇಳುತ್ತೆ. ಈ ಮೆತ್ತನೇದು ತಗೊಳ್ಳಿ, ಒಳಗಡೆ ಸ್ಪಂಜ್ ಇದೆ. ಬೇಗ ಸವೆಯುತ್ತೆ, ಆದ್ರೆ ಗಲಾಟೆ ಮಾಡಲ್ಲ" ಎಂದು ತಿಳಿಯಹೇಳಿದ್ದರು. ಮೂವತ್ತೆಂಟು ವರ್ಷ ಚಪ್ಪಲಿ ಮಾರಿದವನಿಗೆ ಸ್ಪಂಜಿನ ಪಾಠ. ಅಂಗಡಿಯಲ್ಲಿ ಚಪ್ಪಲಿಯ ಅಟ್ಟೆ ಪರೀಕ್ಷಿಸುವ ಹಾಗೆ ಎರಡಕ್ಕೂ ಹೆಬ್ಬೆರಳು ಒತ್ತಿ ನೋಡಿದೆ. ಮೆತ್ತನೆಯದು ತುಸು ಜಗ್ಗಿತು, ತಾವು ಜಗ್ಗಲಿಲ್ಲ. "ಅಟ್ಟೆ ಗಟ್ಟಿ ಇರಬೇಕು ಸ್ವಾಮಿ, ಇಲ್ಲದಿದ್ರೆ ಗಿರಾಕಿ ಜಗಳಕ್ಕೆ ಬರ್ತಾನೆ" ಎಂದು ಅವರಿಗೇ ಬುದ್ಧಿ ಹೇಳಿ, ಎಂಬತ್ತು ಸಾವಿರ ಕಿಲೋಮೀಟರಿನ ಗ್ಯಾರಂಟಿ ಕಾರ್ಡನ್ನು ಜೇಬಿಗಿಳಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ತಮ್ಮ ಕಂಠದ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆಯೇ. ನನ್ನ ಹಿಂದಿನ ಡೀಸೆಲ್ ಗಾಡಿಯ ಇಂಜಿನ್ನು ಏರು ಬಂದಾಗ ಮಾತ್ರ ಅರಚುತ್ತಿತ್ತು. ತಮಗೆ ಅಂಥ ಪಕ್ಷಪಾತವಿಲ್ಲ. ಡಾಂಬರಿಗೆ ಒಂದು ಸ್ವರ, ಕಾಂಕ್ರೀಟಿಗೆ ಇನ್ನೊಂದು, ಸೇತುವೆಯ ಮೇಲಂತೂ ನಾಲ್ವರೂ ಸೇರಿ ನಡೆಸುವ ಕಛೇರಿಗೆ ಬಾಗಿಲ ಸಂದಿಯಲ್ಲಿಟ್ಟ ನೀರಿನ ಬಾಟಲಿಯೂ ತಾಳ ಹಾಕುತ್ತದೆ. ಸಂಗೀತ ಸವಿಯುವ ಯೋಗ್ಯತೆ ನನಗಿಲ್ಲದಿರುವುದು ತಮ್ಮ ತಪ್ಪಲ್ಲ.

ಆದರೆ ಮಾನ್ಯರೇ, ಆ ಕಾರಿನಲ್ಲಿ ನನ್ನ ತಾಯಿಯೂ ಕೂರುತ್ತಾರೆ. ವಯಸ್ಸು ಎಂಬತ್ತೊಂದು, ಎರಡೂ ಕಿವಿಗೆ ಯಂತ್ರ. ಮನೆಯಲ್ಲಿ ಸೊಸೆ, ಮೊಮ್ಮಕ್ಕಳು, ಟಿವಿ, ಮಿಕ್ಸಿ ಎಲ್ಲರೂ ಒಟ್ಟಿಗೇ ಮಾತಾಡುವುದರಿಂದ ಅವರು ಬಹಳ ವರ್ಷಗಳಿಂದ ಮಾತಿನ ಗೊಡವೆಗೇ ಹೋಗಿರಲಿಲ್ಲ. ಮೊಣಕಾಲಿನ ವ್ಯಾಯಾಮಕ್ಕೆಂದು ಪ್ರತಿ ಗುರುವಾರ ಬೆಳಗ್ಗೆ ಇಪ್ಪತ್ತೆರಡು ಕಿಲೋಮೀಟರ್ ದೂರದ ಚಿಕಿತ್ಸಾಲಯಕ್ಕೆ ನಾನೇ ಕರೆದೊಯ್ಯುತ್ತೇನೆ. ಈ ಕಾರು ಬಂದ ಮೇಲೆ, ಅದರ ನಿಶ್ಶಬ್ದದಲ್ಲಿ, ನನ್ನ ಕಡೆ ತಿರುಗದೆ ಎದುರಿನ ರಸ್ತೆಯನ್ನೇ ನೋಡುತ್ತಾ ಅವರು ಮಾತಾಡಲು ಶುರು ಮಾಡಿದರು. ಮುಖ ನೋಡಿಕೊಂಡು ಮನಸ್ಸಿನದನ್ನೆಲ್ಲ ಹೇಳುವ ಜೀವ ಅದಲ್ಲ. ನಲವತ್ತು ನಿಮಿಷ ಹೋಗುವಾಗ ಮಾತು, ಬರುವಾಗ ಸುಸ್ತಾಗಿ ನಿದ್ದೆ.

ಹಳೆಯ ಟೈರುಗಳ ಕೊನೆಯ ಗುರುವಾರ ಅವರು ಹೇಳಿದ್ದು ಇಷ್ಟು: "ನೀನಾಗ ಎರಡು ವರ್ಷದ ಕೂಸು. ಒಂದಿನ ನಿನ್ನ ಪಕ್ಕದ ಮನೆಯವ್ರ ಕೈಗೆ ಕೊಟ್ಟು, ಬ್ಯಾಗ್ ತಗೊಂಡು ಬಸ್ ಸ್ಟ್ಯಾಂಡಿಗೆ ಹೋದೆ ಕಣೋ. ಇನ್ನು ವಾಪಸ್ ಬರಬಾರ್ದು ಅಂತಲೇ ಹೋದೆ." ಅಷ್ಟರಲ್ಲಿ ಚಿಕಿತ್ಸಾಲಯದ ಗೇಟು ಬಂತು. "ಮಿಕ್ಕಿದ್ದು ಮುಂದಿನ ವಾರ" ಎಂದು ಇಳಿದರು. ನಡುವೆ ಬಂದ ಶನಿವಾರ ನಾನು ತಮ್ಮನ್ನು ಹಾಕಿಸಿದೆ.

ಮುಂದಿನ ವಾರ ಊರು ದಾಟಿ ತಾವು ಆಲಾಪನೆ ಆರಂಭಿಸಿದ ಕೂಡಲೇ ಅಮ್ಮ ಎರಡೂ ಕಿವಿಯ ಯಂತ್ರ ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕೆ ಹಾಕಿದರು. ಮಿಕ್ಕ ಕಥೆಯನ್ನು ಮನೆಯಲ್ಲಿ ಕೇಳಿದರೆ, "ಇನ್ನೇನಿದೆ ಹೇಳೋಕೆ" ಎಂದು ಎದ್ದು ಹೋದರು. ಒಮ್ಮೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕಾದೆ. "ಪಂಕ್ಚರ್ರಾ?" ಎಂದವರೇ ಬಾಗಿಲು ತೆಗೆದು, ಇಳಿದು, ತಮ್ಮಲ್ಲಿ ಒಬ್ಬರನ್ನು ಚಪ್ಪಲಿಯ ತುದಿಯಿಂದ ಒದ್ದು ನೋಡಿ, ಗಾಳಿ ಸರಿಯಿದೆಯೆಂದು ತೀರ್ಪಿತ್ತರು.

ಆದಕಾರಣ ತಮ್ಮಲ್ಲಿ ವಿನಂತಿ. ಗುರುವಾರ ಬೆಳಗ್ಗೆ ನಲವತ್ತು ನಿಮಿಷಗಳ ಮಟ್ಟಿಗೆ ತಾವು ರಸ್ತೆಯಿಂದ ಒಂದು ಅಂಗುಲ ಮೇಲೆ ಉರುಳುವ ಕೃಪೆ ಮಾಡಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಅಮ್ಮನ ಸೀಟಿನ ಕೆಳಗೇ ಆಸೀನರಾಗಿರುವ ಮುಂದಿನ ಎಡಗಡೆಯವರಾದರೂ ರಜೆ ಹಾಕಿ, ಉಳಿದ ಮೂವರು ಕೆಲಸ ಹಂಚಿಕೊಳ್ಳಬಹುದು. ಇದೂ ಆಗದಿದ್ದಲ್ಲಿ ನಡುನಡುವೆ ಉಸಿರು ತೆಗೆದುಕೊಳ್ಳಿ, ಅಲ್ಲೊಂದು ವಾಕ್ಯ ತೂರಿಸಲು ಅಮ್ಮನಿಗೆ ಎಡೆಯಾದೀತು.

ತಾವು ಇನ್ನೂ ಹತ್ತು ವರ್ಷ ಸವೆಯುವುದಿಲ್ಲವೆಂದು ಕಾರ್ಡಿನ ಕಿಲೋಮೀಟರಿನ ಲೆಕ್ಕ ಹೇಳುತ್ತದೆ. ನನ್ನ ತಾಯಿಯ ಬಗ್ಗೆ ಅಂಥ ಕಾರ್ಡನ್ನು ಯಾರೂ ಕೊಟ್ಟಿಲ್ಲ, ಮಾನ್ಯರೇ. ಹೊರಟು ಹೋಗಿದ್ದವಳು ನನಗಾಗಿ ವಾಪಸ್ ಬಂದಳೋ, ಬಸ್ಸು ತಪ್ಪಿ ಬಂದಳೋ, ಬಂದದ್ದಕ್ಕೆ ಇಷ್ಟು ವರ್ಷ ಮರುಗಿದಳೋ ತಿಳಿಯದೆ ನನಗೆ ಅಂಗಡಿಯಲ್ಲಿ ಕೂರಲಾಗುತ್ತಿಲ್ಲ. ಆದ್ದರಿಂದ ಬರುವ ಬುಧವಾರ ತಮ್ಮನ್ನು ಸಕಲ ಗೌರವಗಳೊಂದಿಗೆ ಸೇವೆಯಿಂದ ಬಿಡುಗಡೆ ಮಾಡಲು ತೀರ್ಮಾನಿಸಿದ್ದೇನೆ. ತಮ್ಮ ಜಾಗಕ್ಕೆ ಸ್ಪಂಜಿನವರು ಬರುತ್ತಾರೆ. ಟೈರ್ ಅಂಗಡಿಯ ಯಜಮಾನರು ನಗದಿರಲೆಂದು ಆಶಿಸುತ್ತೇನೆ.

ತಮ್ಮ ವಿಶ್ವಾಸಿ,
ಗಟ್ಟಿ ಅಟ್ಟೆಯ ಪಕ್ಷ ಬಿಟ್ಟ ಒಬ್ಬ ಚಪ್ಪಲಿ ಅಂಗಡಿಯವನು

ತಾ.ಕ.: ಇಂದು ಗುರುವಾರ. ತಾವು ನನ್ನ ಅಂಗಡಿಯ ಹಿಂದೆ ಒಬ್ಬರ ಮೇಲೊಬ್ಬರು ತೆಪ್ಪಗೆ ಕುಳಿತಿದ್ದೀರಿ. ತೆಪ್ಪಗಿರುವುದೂ ತಮಗೆ ಬರುತ್ತದೆಂದು ಇವತ್ತೇ ಗೊತ್ತಾದದ್ದು. ಬೆಳಗ್ಗೆ ಕಾರಿನಲ್ಲಿ ಅಮ್ಮನ ಉಸಿರೂ ಕೇಳುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಯಾಕಮ್ಮ ವಾಪಸ್ ಬಂದೆ ಎಂದು ಕೇಳಿಯೇಬಿಟ್ಟೆ. "ಎಲ್ಲಾ ಹೇಳಾಯ್ತಲ್ಲೋ, ಅದರ ಮುಂದಿನ ವಾರವೇ. ನನ್ನ ಮಾತು ನನಗೇ ಕೇಳಬಾರ್ದು ಅಂತ ಯಂತ್ರ ತೆಗೆದಿಟ್ಟು ಹೇಳ್ದೆ. ನೀನೂ ತಲೆ ಆಡಿಸ್ತಾ ಕೇಳಿಸ್ಕೊಂಡೆ. ಅದನ್ನ ಇನ್ನೊಂದು ಸಲ ಹೇಳೋಕೆ ನನ್ ಕೈಲಾಗಲ್ಲ ಮಗಾ" ಎಂದರು. ಆ ದಿನ ತಮ್ಮ ಆಲಾಪನೆಯ ನಡುವೆ ತುಟಿ ಅಲ್ಲಾಡಿದ್ದನ್ನು ನಾನು ನೋಡಿದ್ದೆ, ರಸ್ತೆ ಬದಿಯ ಬೋರ್ಡು ಓದಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಗಿರಾಕಿ ಏನೇ ಅಂದರೂ ತಲೆಯಾಡಿಸುವುದು ನನ್ನ ಕಸುಬಿನ ಚಾಳಿ. ಹೀಗಾಗಿ ಆ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಈ ಲೋಕದಲ್ಲಿ ತಾವು ನಾಲ್ವರೇ. ದಯಮಾಡಿ ತಿಳಿಸಿ. ಎಷ್ಟು ಜೋರಾಗಿ ಹೇಳಿದರೂ ನನ್ನ ತಕರಾರಿಲ್ಲ.