ಅತ್ತೆಯ ಸೂರಿನ ಮೂರು ವೈರು

ಕೆರೆಬಿಳಚಿಯ ನನ್ನ ಸೋದರತ್ತೆಗೆ ‘ಬೇಡ’ ಎನ್ನುವುದನ್ನು ಯಾರೂ ಕಲಿಸಿಯೇ ಇಲ್ಲ! ನಂಬಿಕೆ ಬಾರದಿದ್ದರೆ ಅವಳ ಮನೆಯ ಸೂರು ನೋಡಿ. ಒಂದೇ ವರ್ಷದಲ್ಲಿ ಮೂರು ಕಂಪನಿಗಳ ಮೂರು ವೈರು ಒಂದೇ ಕಿಟಕಿಯಲ್ಲಿ ನುಗ್ಗಿವೆ. ಒಂದೊಂದರಲ್ಲೂ ಫೋನು, ಟಿ.ವಿ., ಇಂಟರ್ನೆಟ್ಟು ಎಲ್ಲವೂ ಬರುತ್ತದೆ. ಮನೆಯಲ್ಲಿರುವ ಟಿ.ವಿ. ಮಾತ್ರ ಒಂದೇ, ಅದನ್ನೂ ಅವಳು ಹಚ್ಚುವುದಿಲ್ಲ!

“ಒಂದೇ ವೈರಿನಾಗೆ ಎಲ್ಲಾ ಬರ್ತೈತಲ್ಲತ್ತೆ, ಮೂರು ಯಾಕೆ?”

“ಮಾರೋ ಹುಡುಗ್ರು ಬಿಸಿಲಾಗೆ ಬಂದಿದ್ರಪ್ಪ. ಬರಿಗೈಲಿ ಹೆಂಗೆ ಕಳಿಸಾಕೆ ಆಗ್ತೈತೆ?”

ಕಂಪನಿಯ ಹುಡುಗಿ ಫೋನ್ ಮಾಡಿದರೆ ಅತ್ತೆ, “ಊಟ ಆತೇನವ್ವಾ? ಯಾವೂರು ನಿಂದು?” ಎಂದು ಶುರು ಮಾಡುತ್ತಾಳೆ. ಕೊನೆಗೆ ಆ ಹುಡುಗಿಯೇ ಫೋನಿಟ್ಟು ತಪ್ಪಿಸಿಕೊಳ್ಳುತ್ತಾಳೆ! ಆ ಮೂರೂ ಕಂಪನಿಗಳು ಏಕೋ ನನಗೂ ಫೋನ್ ಮಾಡುತ್ತಿದ್ದವು. ನಾನು ರೇಗಿ ಕಟ್ ಮಾಡುತ್ತಿದ್ದೆ.

ನಾನೂ ಇಂಥದ್ದೇ ಕನೆಕ್ಷನ್ ಮಾರುವವನು, ನಾಲ್ಕನೆಯ ಕಂಪನಿಗೆ. ನೆಂಟರ ಬಾಗಿಲಲ್ಲಿ ಬ್ಯಾಗು ಹಿಡಿದು ನಿಲ್ಲಲು ನಾಚಿ, ದೂರದ ಹೊನ್ನಾಳಿ, ನ್ಯಾಮತಿ ಕಡೆಯ ಏರಿಯಾವನ್ನೇ ಕೇಳಿ ಪಡೆದಿದ್ದೆ. ಆದರೆ ಹೊಸ ಮ್ಯಾನೇಜರ್ ಒಂದು ದಿನ ನನ್ನನ್ನು ಎಳೆದುಕೊಂಡು ಅತ್ತೆಯ ಬೀದಿಗೇ ಬಂದರು. ಸೂರಿನ ವೈರು ಕಂಡು, “ಯಾರ್ರೀ ಈ ಪೆದ್ದಮ್ಮ?” ಎಂದು ನಕ್ಕರು.

“ಗೊತ್ತಿಲ್ಲ ಸಾರ್” ಎಂದು ನಾನೂ ನಕ್ಕೆ.

ಬಾಗಿಲಲ್ಲಿದ್ದ ಅತ್ತೆಗೆ ಅದು ಕೇಳಿಸಿತು. ನನ್ನನ್ನು ಒಮ್ಮೆ ನೋಡಿದಳು, ಅಷ್ಟೆ. “ಬರ್ರಿ ಸಾರ್. ನೀವೂ ಬರ್ರಿ” ಎಂದು ನನಗೂ ಹೊಸಬನಿಗೆ ಕೊಡುವಂತೆ ಮಜ್ಜಿಗೆ ಕೊಟ್ಟಳು. ಹುಟ್ಟಿದಾಗಿನಿಂದ ನನಗೆ ‘ಲೋ’ ಎಂದವಳು!

ಮ್ಯಾನೇಜರ್ ಎರಡು ಮಾತಾಡುವಷ್ಟರಲ್ಲಿ ಅತ್ತೆ ಒಪ್ಪಿದಳು. ಫಾರಂ ತುಂಬುತ್ತಿದ್ದವನು ನಾನು.

“ನಿಮ್ಮವರದು ಇನ್ನೊಂದು ನಂಬರ್ ಕೊಡಿ ಅಮ್ಮ” ಎಂದರು ಮ್ಯಾನೇಜರ್.

ಅತ್ತೆ ಅಭ್ಯಾಸಬಲದಿಂದ ಹತ್ತೂ ಅಂಕಿ ಬಾಯಿಪಾಠ ಒಪ್ಪಿಸಿದಳು. ನನ್ನದೇ ನಂಬರು! ಹಿಂದಿನ ಮೂರೂ ಕಂಪನಿಗಳ ಫಾರಂಗಳಲ್ಲಿ ಅದನ್ನೇ ಬರೆಸಿದ್ದಳು. ನಾನು ರೇಗಿ ಕಟ್ ಮಾಡಿದ್ದೆಲ್ಲ ಅವಳ ಕನೆಕ್ಷನ್ನಿಗಾಗಿ ಬಂದ ಕರೆಗಳನ್ನೇ.

“ಯಾರದಮ್ಮ? ಒಮ್ಮೆ ಮಾಡಿ ನೋಡಲಾ?” ಎಂದು ಮ್ಯಾನೇಜರ್ ಫೋನ್ ತೆಗೆದರು. ನನ್ನದು ಜೇಬಿನಲ್ಲೇ ಇತ್ತು.

“ಬ್ಯಾಡ್ರಿ ಸಾರ್!” ಅವಳ ಬಾಯಲ್ಲಿ ಮೊದಲ ಬಾರಿ ‘ಬೇಡ’ ಕೇಳಿದೆ. “ನಮ್ಮಣ್ಣನ ಮಗಂದು. ಅವನೂ ನಿಮ್ಮಂಗೆ ಮನೆ ಮನೆ ತಿರುಗ್ತಾನೆ. ಅವನಿಗೆ ಯಾರು ನೀರು ಕೊಡ್ತಾರೋ, ಯಾರು ಬಾಗಿಲು ಹಾಕ್ತಾರೋ... ಬಿಸಿಲಾಗೆ ಯಾರಾದ್ರೂ ಬಂದ್ರೆ ಅವನೇ ಬಂದಂಗೆ ಆಗ್ತೈತೆ ನನಗೆ.”

ಪೆನ್ನು ಕೆಳಗಿಟ್ಟೆ. “ಆ ನಂಬರ್ ನಂದು ಸಾರ್. ಇವರು ನಮ್ಮತ್ತೆ.”

ಮ್ಯಾನೇಜರ್ ತಲೆ ತಗ್ಗಿಸಿದರು. ನಾನು ಆಗಲೇ ತಗ್ಗಿಸಿದ್ದೆ. ಅತ್ತೆ ಮಾತ್ರ ಸೆರಗಿನಿಂದ ನನ್ನ ಹಣೆಯ ಬೆವರೊರೆಸಿ ಅಂದಳು:

“ಏಳಲೋ, ಉಣ್ಣಾಕೆ.”