ಬೆಲ್ಟಿನ ಮೇಲೆ ಪಂಢರಪುರ

ಟ್ರೆಡ್‌ಮಿಲ್ ರಿಪೇರಿಗೆಂದು ಹೋದ ಮನೆಯಲ್ಲಿ ಬರೀ ಬೋಲ್ಟು ಬಿಗಿಮಾಡಿ ಸುಮ್ಮನೆ ವಾಪಸ್ ಬಂದದ್ದು ನನಗಂತೂ ನೆನಪಿಲ್ಲ. ಏನಾದರೊಂದು ಆಗಿಯೇ ಆಗುತ್ತದೆ. ನಾನು ಕಮಲಾಪುರದವನು, ಹಿಟ್ಟಿನ ಗಿರಣಿಗಳ ಬೆಲ್ಟು ಸರಿಮಾಡುತ್ತಿದ್ದವನು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಕಲಬುರಗಿಯ ಮನೆಗಳಿಗೆ ಟ್ರೆಡ್‌ಮಿಲ್ ಬಂದವು. ಬೆಲ್ಟು ಎಲ್ಲಿದ್ದರೂ ಬೆಲ್ಟೇ ಎಂದು ಅದಕ್ಕೂ ಕೈಹಾಕಿದೆ. ಆದರೆ ಅಲ್ಲಿಯ ಶಹಾಬಜಾರ ಓಣಿಯ ಅಜ್ಜಿಯೊಬ್ಬರ ಮುಂದೆ ನನ್ನ ಕಸುಬೆಲ್ಲ ಸಣ್ಣದಾಗಿಹೋಯಿತು.

೧. ದಾರಿ ಎಡಕ್ಕೆ ಹೊರಟಿತು

ಮಷೀನು ತಂದವನು ಅಜ್ಜಿಯ ಮಗ, ತನ್ನ ಹೊಟ್ಟೆ ಕರಗಿಸಲು. ಎಂಟು ದಿನ ನಡೆದ. ಆಮೇಲೆ ಅದರ ಮೇಲೆ ಟವೆಲ್ಲುಗಳು ಒಣಗಿದವು. ಅಜ್ಜಿ ಟವೆಲ್ಲು ತೆಗೆದು ತಾವೇ ಹತ್ತಿದರು. ಪಂಢರಪುರಕ್ಕೆ ನಡೆದೇ ಹೋಗುತ್ತೇನೆಂದು ಅವರು ಎಂದೋ ಹರಕೆ ಹೊತ್ತಿದ್ದರು. ಅದು ತೀರುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತ್ತು. ಸಪಾಟು ಜಾಗದಲ್ಲಿ ಆಸರೆ ಹಿಡಿದು ಮೆಲ್ಲಗೆ ನಡೆಯಿರಿ, ಅಷ್ಟೇ ಎಂದಿದ್ದರು ಡಾಕ್ಟರು. ಅಜ್ಜಿ ಮಷೀನಿನ ಮುಖವನ್ನು ಪಂಢರಪುರದ ದಿಕ್ಕಿಗೆ ಇಡಿಸಿ, ನಡೆದ ಕಿಲೋಮೀಟರನ್ನು ದಿನಾ ಕ್ಯಾಲೆಂಡರಿನಲ್ಲಿ ಬರೆಯತೊಡಗಿದರು. ಆಷಾಢ ಏಕಾದಶಿಗೆ ಮುಟ್ಟಬೇಕು ಎಂಬುದೊಂದೇ ಹಟ.

ನಾನು ಹೋದಾಗ ಬೆಲ್ಟು ಎಡಕ್ಕೆ ಜಾರುತ್ತಿತ್ತು. ಹಿಂದಿನ ಎಡ ಬೋಲ್ಟನ್ನು ಕಾಲು ಸುತ್ತು ಬಿಗಿಮಾಡಿದರೆ ಮುಗಿಯಿತು.

"ಸ್ವಲ್ಪ ಎಡಕ್ಕ ಸರಿದ್ರ ಗಾಬರಿ ಆಗಬ್ಯಾಡ್ರೀ ಅವ್ವಾರ" ಎಂದೆ.

"ಗಾಬರಿ ಆಗದ ಏನ್ ಮಾಡ್ಲಿ ತಮ್ಮಾ? ಹಿಂಗ ಎಡಕ್ಕ ಎಳೀತಿದ್ರ ನಾ ವಿಜಾಪುರಕ್ಕ ಹೋಗಿ ಮುಟ್ತೀನಿ!"

೨. ಕುಸುಬಿ ಎಣ್ಣೆ

ಬೆಲ್ಟಿನಡಿ ಹಾಕಲು ಸಿಲಿಕಾನ್ ಎಣ್ಣೆಯ ಬಾಟಲಿ ಕೊಟ್ಟು ಬಂದಿದ್ದೆ. ಮುಂದಿನ ಸಲ ಹೋದರೆ ಪಡಸಾಲೆಯಲ್ಲಿ ಅಡಿಗೆಮನೆಯ ವಾಸನೆ, ಬೆಲ್ಟಿನ ತುಂಬ ಇರುವೆ ಸಾಲು. ಬಾಟಲಿ ತೀರಿತೆಂದು ಸೊಸೆ ಕುಸುಬಿ ಎಣ್ಣೆ ಸುರಿದಿದ್ದರು.

"ಹೃದಯಕ್ಕ ಛಲೋ ಅಂತಾರಲ್ರೀ" ಎಂದರು.

"ಹೃದಯಕ್ಕ ಛಲೋರೀ, ಬೆಲ್ಟಿಗಲ್ಲ" ಎಂದು ಬಟ್ಟೆ ತೆಗೆದುಕೊಂಡು ಒರೆಸಲು ಕೂತೆ.

ಅಜ್ಜಿ ನನ್ನ ಕೈ ತಡೆದರು. "ನೋಡಿ ಒರಸೋ ತಮ್ಮಾ. ಅವೂ ಪಂಢರಪುರಕ್ಕ ಹೊಂಟಾವ."

೩. ಸೊಲ್ಲಾಪುರದ ಮುಕ್ಕಾಮು

ಏಕಾದಶಿಗೆ ಇನ್ನು ಇಪ್ಪತ್ತು ದಿನ. ಕಮಲಾಪುರಕ್ಕೆ ಅಜ್ಜಿಯ ಮಗನ ಫೋನು ಬಂತು. "ನಮ್ಮವ್ವ ಸೊಲ್ಲಾಪುರದಾಗ ನಿಂತುಬಿಟ್ಟಾಳ್ರೀ, ಜಲ್ದಿ ಬರ್ರಿ!"

"ಅಷ್ಟ ದೂರ ನಾ ಹೆಂಗ ಬರ್ಲಿರೀ? ಅಲ್ಲೇ ಯಾರರೆ ಮಿಸ್ತ್ರಿ ಸಿಗ್ತಾರ, ನೋಡ್ರಿ."

"ಸೊಲ್ಲಾಪುರ ನಮ್ಮ ಪಡಸಾಲ್ಯಾಗೇ ಅದರೀ!"

ಮೋಟಾರಿನ ಬೆಲ್ಟು ಹರಿದಿತ್ತು. ಹೈದರಾಬಾದಿನಿಂದ ತರಿಸಲು ನಾಲ್ಕು ದಿನ ಹಿಡಿಯಿತು. ಹರಕೆ ನನ್ನಿಂದಲೇ ತಪ್ಪುತ್ತದೇನೋ ಎಂದು ನನಗೆ ಅನ್ನ ಸೇರಲಿಲ್ಲ. ಅಜ್ಜಿ ಮಾತ್ರ ಮಷೀನಿನ ಪಕ್ಕದಲ್ಲೇ ಚಾಪೆ ಹಾಸಿ ನಿಶ್ಚಿಂತೆಯಿಂದ ಕೂತಿದ್ದರು. ಸೊಸೆ ಊಟಕ್ಕೆ ಒಳಗೆ ಕರೆದರೆ ಏಳಲೊಲ್ಲರು.

"ಸೊಲ್ಲಾಪುರದಾಗ ಇದ್ದಾಕಿ ನಿಮ್ಮ ಮನಿಗೆ ಹೆಂಗ ಬರ್ಲಿ? ಯಾತ್ರಿಕರಿಗೆ ಇಲ್ಲೇ ಎರಡು ರೊಟ್ಟಿ ಕೊಟ್ಟು ಪುಣ್ಯಾ ಕಟ್ಟಿಕೊ ಹೋಗು."

೪. ಮುಟ್ಟಿದ ದಿನ

ಏಕಾದಶಿಯ ಬೆಳಿಗ್ಗೆ ನನ್ನನ್ನೂ ಕರೆದಿದ್ದರು. ಪಡಸಾಲೆಯಲ್ಲಿ ಓಣಿಯ ಅರ್ಧ ಜನ ನಿಂತಿದ್ದರು. ಅಜ್ಜಿ ಕೊನೆಯ ಕಿಲೋಮೀಟರಿನಲ್ಲಿದ್ದರು. ಬೆಲ್ಟಿನ ಸದ್ದು, ಅಜ್ಜಿಯ ಉಸಿರು, ಅಷ್ಟೇ ಕೇಳುತ್ತಿತ್ತು. ಬೆಲ್ಟು ಒಂದು ಕೂದಲೆಳೆಯಷ್ಟೂ ಸರಿಯದಿರಲಿ ಎಂದು ನಾನು ಹಿಂದಿನ ಬೋಲ್ಟಿನ ಮೇಲೇ ಕಣ್ಣಿಟ್ಟಿದ್ದೆ. ಮೀಟರಿನ ಅಂಕಿ ತಿರುಗಿತು. "ವಿಠ್ಠಲಾ" ಎಂದು ಅಜ್ಜಿ ಇಳಿದರು. ಟವೆಲ್ಲು ಒಣಗಿಸುವ ಮಷೀನುಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೆ. ಅಂಥದೇ ಒಂದರ ಮೇಲೆ ಈ ಮೊಣಕಾಲು ಪಂಢರಪುರ ಮುಟ್ಟಿತ್ತು. ಎಲ್ಲರ ಜೊತೆ ನಾನೂ ಅಜ್ಜಿಯ ಕಾಲಿಗೆ ಬಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. "ಹಾಂ, ಇನ್ನ ಮಷೀನ್ ತಿರುವಿ ಇಡ್ರಿ."

"ಯಾಕವ್ವಾ?" ಎಂದ ಮಗ.

"ಯಾಕಂದ್ರ? ಮನಿಗೆ ಹೋಗಬ್ಯಾಡೇನು?"

"ಅವ್ವಾ, ನೀ ಮನ್ಯಾಗೇ ಅದೀ!"

"ನೀ ಮನ್ಯಾಗ ಅದೀ. ನಾ ಪಂಢರಪುರದಾಗ ಅದೀನಿ."

ಐದು ಮಂದಿ ಸೇರಿ ಆ ಭಾರವನ್ನು ಎತ್ತಿ, ಎಡಗಡೆಯಿಂದ ತಿರುಗಿಸತೊಡಗಿದೆವು. ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸೋತು ಕೆಳಗಿಟ್ಟೆವು.

ಅಜ್ಜಿ ಕೂಗಿಕೊಂಡರು: "ಅಲ್ಲೇ ಬಿಡಬ್ಯಾಡ್ರೋ, ಅದು ವಿಜಾಪುರ!"